ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವವರು ತಮ್ಮ ತಿಳಿವಳಿಕೆಯನ್ನು ಹಂಚಿಕೊಳ್ಳುವುದು ಹೇಗೆ: ಕೊಡಗಿನ ಕಾರ್ಯಕರ್ತೆಯರಿಗೊಂದು ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಸೋಮವಾರಪೇಟೆ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಮಳೆಯಲ್ಲಿ ನೆನೆದುಕೊಂಡೇ ನನ್ನ ಬಳಿಗೆ ಬಂದಿದ್ದರು. ಗಂಡನ ಹೊಡೆತ ತಾಳಲಾರದೆ ಠಾಣೆಗೆ ಹೋದ ಹೆಣ್ಣುಮಗಳೊಬ್ಬಳನ್ನು ಅಲ್ಲಿ ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿದ್ದರು. ಇನ್ನು ಮುಂದೇನು ಮಾಡಬೇಕೆಂಬುದು ಅವರ ಪ್ರಶ್ನೆ. ಠಾಣೆಯನ್ನು ನೆಚ್ಚಿಕೊಳ್ಳದೆ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದೆಂದು ಖಚಿತಪಡಿಸಿಕೊಂಡು, ಅರ್ಜಿಯ ನಮೂನೆ ಹುಡುಕಿ, ವಕೀಲರನ್ನು ಗೊತ್ತುಮಾಡುವಷ್ಟರಲ್ಲಿ ನನಗೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನವೂ ಅವಳು ಅದೇ ಮನೆಯಲ್ಲಿದ್ದಳು. ಹಿಂದಿನ ವರ್ಷವೇ ವಿರಾಜಪೇಟೆಯ ಅಂಗನವಾಡಿ ಮೇಲ್ವಿಚಾರಕಿಯೊಬ್ಬರು ಇದೇ ದಾರಿ ಹಿಡಿದು ಗೆದ್ದಿದ್ದರೆಂದೂ, ತುಂಬಿದ ಅರ್ಜಿಯ ಮಾದರಿ ಅವರ ಕೈಚೀಲದಲ್ಲೇ ಇತ್ತೆಂದೂ ನನಗೆ ತಿಳಿದದ್ದು ಬಹಳ ತಡವಾಗಿ.

ಈ ಮಾರ್ಗದರ್ಶಿ ಹುಟ್ಟಿದ್ದು ಆ ನಾಲ್ಕು ದಿನಗಳಿಂದ. ಅಂಗನವಾಡಿ ಟೀಚರ್, ಆಶಾ, ಸಾಂತ್ವನ ಕೇಂದ್ರದ ಆಪ್ತಸಮಾಲೋಚಕಿ, ಸಖಿ ಕೇಂದ್ರದ ಸಿಬ್ಬಂದಿ, ಆಸ್ಪತ್ರೆಯ ನರ್ಸ್, ಸ್ವಸಹಾಯ ಸಂಘದ ಮುಖಂಡೆ, ಹಾಡಿಯಲ್ಲಿ (ಬುಡಕಟ್ಟಿನವರ ವಸತಿಯಲ್ಲಿ) ಕೆಲಸ ಮಾಡುವ ಯುವತಿ, ಹೀಗೆ ಒಂದೊಂದು ಮೂಲೆಯಲ್ಲಿ ಒಬ್ಬೊಬ್ಬರು ಕಲಿತದ್ದು ಅವರವರ ಡೈರಿಯಲ್ಲೇ ಉಳಿಯುತ್ತಿದೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರ ಪೈಕಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ಇಡೀ ದೇಶದ ಲೆಕ್ಕ ಹಿಡಿದರೆ, ಹಿಂಸೆಗೊಳಗಾದವರಲ್ಲಿ ಯಾರದಾದರೂ ನೆರವು ಕೇಳಿದವರು ಶೇ 14 ಮಾತ್ರ. ಬಾಯಿಬಿಟ್ಟು ಕೇಳಿದ ಆ ಕೆಲವೇ ಮಂದಿಗೆ ನಮ್ಮಲ್ಲಿ ಉತ್ತರ ಸಿದ್ಧವಿರಬೇಕು.

ಮೊದಲ ಹೆಜ್ಜೆ: ಎರಡು ಬಗೆಯ ತಿಳಿವಳಿಕೆಯನ್ನು ಬೇರ್ಪಡಿಸಿ

ಒಬ್ಬ ಮಹಿಳೆಯ ಬಗ್ಗೆ ನಮಗೆ ಗೊತ್ತಾಗುವ ಸಂಗತಿ ಒಂದು ಬಗೆಯದು: ಅವಳು ಯಾರು, ಎಲ್ಲಿದ್ದಾಳೆ, ಏನು ಹೇಳಿದಳು ಎಂಬುದು. ಅವಳಿಗೆ ನೆರವಾಗುವಾಗ ನಾವು ಕಲಿತ ಸಂಗತಿ ಇನ್ನೊಂದು ಬಗೆಯದು: ಯಾವ ಕಚೇರಿಯಲ್ಲಿ ಯಾವ ಕಾಗದ ಕೇಳಿದರು, ಯಾವ ಮಾತು ಕೆಲಸ ಮಾಡಿತು, ಎಲ್ಲಿ ಸಮಯ ಹಾಳಾಯಿತು ಎಂಬುದು. ಮೊದಲನೆಯದು ಅವಳ ಸ್ವತ್ತು. ಅವಳು ಒಪ್ಪಿ, ಅವಳದೇ ಕೆಲಸಕ್ಕಾಗಿ, ಬೇಕಾದವರಿಗೆ ಬೇಕಾದಷ್ಟನ್ನು ಮಾತ್ರ ತಿಳಿಸಲು ನಮಗೆ ಹಕ್ಕಿದೆ. ಎರಡನೆಯದನ್ನು ಬಚ್ಚಿಡಲು ನಮಗೆ ಹಕ್ಕಿಲ್ಲ.

ಹೇಳುವುದಕ್ಕೆ ಇದು ಸುಲಭವಾದರೂ ಕೊಡಗಿನಲ್ಲಿ ಪಾಲಿಸುವುದು ಬಲು ಕಷ್ಟ. ಇಲ್ಲಿ ಜನರನ್ನು ಗುರುತಿಸುವುದೇ ಮನೆತನದಿಂದ, ತೋಟದ ಹೆಸರಿನಿಂದ, ಊರಿನಿಂದ. ಸ್ವಂತ ಹೆಸರು ಬರುವುದು ಆಮೇಲೆ. ನಾನೊಮ್ಮೆ ಸಭೆಯಲ್ಲಿ ಒಂದು ಪ್ರಕರಣವನ್ನು ಹೆಸರು ಹೇಳದೆ ವಿವರಿಸಿದೆ. ತೋಟದ ರೈಟರರ (ಗುಮಾಸ್ತರ) ಹೆಂಡತಿ, ಮದುವೆಯಾಗಿ ಹನ್ನೊಂದು ವರ್ಷ, ತವರು ಕೇರಳದ ಗಡಿಯ ಆಚೆ ಎಂದಿದ್ದೆ, ಅಷ್ಟೇ. ಚಹಾ ಕುಡಿಯುವ ಹೊತ್ತಿನಲ್ಲಿ ಒಬ್ಬರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಅಕ್ಕಾ, ಅದು ಅವರ ಮನೆಯದೇ ಅಲ್ವಾ?" ಎಂದರು. ಅವರ ಊಹೆ ಸರಿಯಾಗಿತ್ತು. ವಾರದೊಳಗೆ ಸುದ್ದಿ ಆ ಮನೆಗೂ ತಲುಪಿತು. ಅವಳು ನನ್ನೊಂದಿಗೆ ಮತ್ತೆ ಮಾತನಾಡಲಿಲ್ಲ. ಅವಳ ಮೇಲೆ ತಪ್ಪು ಹೊರಿಸುವ ಹಾಗೂ ಇಲ್ಲ. ಆ ದಿನದಿಂದ ನಾನು ಪಾಲಿಸುವ ನಿಯಮ ಇದು: ಹೆಸರಿನ ಜೊತೆಗೆ ತೋಟ, ಊರು, ಒಕ್ಕ (ಕೊಡವರ ಮನೆತನ), ಜಾತಿ, ಗಂಡನ ಉದ್ಯೋಗ, ಮಕ್ಕಳ ಸಂಖ್ಯೆ, ಘಟನೆ ನಡೆದ ಹಬ್ಬ ಅಥವಾ ತಾರೀಖು, ಇವಿಷ್ಟನ್ನೂ ತೆಗೆದ ಮೇಲೆ ಉಳಿಯುವುದಷ್ಟೇ ಸಭೆಗೆ ಹೋಗಬೇಕು.

ಕಾನೂನೂ ಇದನ್ನೇ ಹೇಳುತ್ತದೆ. ಅತ್ಯಾಚಾರಕ್ಕೊಳಗಾದವರ ಗುರುತನ್ನು ಪ್ರಕಟಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಮಕ್ಕಳ ವಿಚಾರದಲ್ಲಿ, ಲೈಂಗಿಕ ಅಪರಾಧಗಳಿಂದ ಅವರನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಇನ್ನೂ ಬಿಗಿಯಾಗಿದೆ.

ಎರಡನೆಯ ಹೆಜ್ಜೆ: ಚಿಕ್ಕ ಗುಂಪನ್ನು ಕಟ್ಟಿ

ಎಂಟು ಮಂದಿ ಸಾಕು, ಹನ್ನೆರಡು ಹೆಚ್ಚು. ನಂಬಿಕೆ ಬೆಳೆಯದ ಗುಂಪಿನಲ್ಲಿ ಯಾರೂ ತಮ್ಮ ಸೋಲನ್ನು ಹೇಳುವುದಿಲ್ಲ, ಸೋಲನ್ನು ಹೇಳದ ಸಭೆಯಲ್ಲಿ ಕಲಿಯುವುದಕ್ಕೂ ಏನೂ ಇರುವುದಿಲ್ಲ. ಬೇರೆಬೇರೆ ಇಲಾಖೆಯವರು ಇರಲಿ, ಬೇರೆಬೇರೆ ಮಾತಿನವರೂ ಇರಲಿ. ಕನ್ನಡದ ಜೊತೆಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವರ ಮಾತು, ಜೇನುಕುರುಬರ ಮಾತು, ಈಗ ತೋಟಗಳಿಗೆ ಬಂದಿರುವ ಅಸ್ಸಾಂ ಮತ್ತು ಬಂಗಾಳದ ಕಾರ್ಮಿಕರ ಮಾತು ಸೇರಿ ಕೊಡಗಿನಲ್ಲಿ ಒಂದೇ ರಸ್ತೆಯಲ್ಲಿ ಐದು ಭಾಷೆ ಕೇಳುತ್ತವೆ. ಗುಂಪಿನಲ್ಲಿ ಹಾಡಿಯಿಂದಲೇ ಬಂದ ಇಬ್ಬರಾದರೂ ಇರಬೇಕು ಎಂಬುದು ನನ್ನ ಹಟ. ಒಬ್ಬರೇ ಇದ್ದರೆ ಅವರು ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡು ಹೋಗುತ್ತಾರೆ.

ಪೊಲೀಸ್ ಅಧಿಕಾರಿಗಳನ್ನೂ ವೈದ್ಯರನ್ನೂ ವಕೀಲರನ್ನೂ ಕಾಯಂ ಸದಸ್ಯರನ್ನಾಗಿ ಮಾಡಬೇಡಿ. ಒಂದೊಂದು ವಿಷಯಕ್ಕೆ ಅತಿಥಿಯಾಗಿ ಕರೆಯಿರಿ, ಪ್ರಶ್ನೆಗಳನ್ನು ಮೊದಲೇ ಬರೆದುಕೊಡಿ, ಅವರು ಹೊರಟ ಮೇಲೆ ನಿಮ್ಮ ಮಾತು ಮುಂದುವರಿಸಿ. ಎಲ್ಲರೂ ಒಂದು ಪುಟದ ಒಪ್ಪಂದಕ್ಕೆ ಸಹಿ ಹಾಕಲಿ: ಇಲ್ಲಿ ಕೇಳಿದ ಪ್ರಕರಣವನ್ನು ಮನೆಯಲ್ಲೂ ಹೇಳುವುದಿಲ್ಲ, ಗುರುತು ಸಿಕ್ಕಿದರೆ ಸಿಕ್ಕಿತೆಂದು ಯಾರಿಗೂ ಹೇಳುವುದಿಲ್ಲ, ಸಂಬಂಧಿಕರ ವಿಚಾರ ಬಂದರೆ ಕಾರಣ ಹೇಳದೆ ಎದ್ದು ಹೊರಗೆ ಹೋಗುತ್ತೇವೆ.

ಮೂರನೆಯ ಹೆಜ್ಜೆ: ದಿನ ಮತ್ತು ಜಾಗ

ತಿಂಗಳಿಗೊಮ್ಮೆ, ಎರಡು ಗಂಟೆ. ಸಂತೆಯ ದಿನ ಆಯ್ದುಕೊಂಡರೆ ಪೇಟೆಗೆ ಬಂದದ್ದಕ್ಕೆ ಯಾರೂ ಕಾರಣ ಕೇಳುವುದಿಲ್ಲ, ಬಸ್ಸೂ ಸಿಗುತ್ತದೆ. ಕತ್ತಲಾಗುವ ಮೊದಲೇ ಎಲ್ಲರೂ ಮನೆ ಸೇರುವಂತೆ ಸಭೆ ಮುಗಿಸಿ. ತೋಟದ ದಾರಿಯಲ್ಲಿ ಆನೆಯ ಭಯ ಇರುವವರಿಗೆ ಐದೂವರೆ ಎಂದರೆ ತಡವೇ. ನವೆಂಬರ್ 25ರಿಂದ ಡಿಸೆಂಬರ್ 10ರವರೆಗೆ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ಜಗತ್ತಿನಾದ್ಯಂತ 16 ದಿನಗಳ ಅಭಿಯಾನ ನಡೆಯುತ್ತದೆ, ನಮ್ಮ ಕಚೇರಿಗಳೂ ಕಾರ್ಯಕ್ರಮ ಇಟ್ಟುಕೊಳ್ಳುತ್ತವೆ. ಅದು ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವ ಕಾಲ; ಕೂಲಿ ಬಿಟ್ಟು ಯಾವ ಹೆಣ್ಣೂ ಸಭಾಂಗಣಕ್ಕೆ ಬರಲಾರಳು. ಆ ದಿನಗಳಲ್ಲಿ ಸಭೆಗಿಂತ ಹಣ್ಣು ತೂಗುವ ಜಾಗದಲ್ಲಿ ಹತ್ತು ನಿಮಿಷ ನಿಂತು ಮಾತನಾಡುವುದು ಮೇಲು.

ನಾಲ್ಕನೆಯ ಹೆಜ್ಜೆ: ಪ್ರಕರಣವನ್ನು ಹೇಳುವ ಕ್ರಮ

ಇಡೀ ಕೆಲಸದ ತಿರುಳು ಇಲ್ಲಿದೆ, ಆದ್ದರಿಂದ ಸಾವಕಾಶವಾಗಿ ಅಭ್ಯಾಸ ಮಾಡಿ. ಹೇಳುವವರು ಐದು ಪ್ರಶ್ನೆಗಳಿಗೆ ಉತ್ತರವನ್ನು ಮನೆಯಲ್ಲೇ ಬರೆದುಕೊಂಡು ಬರಬೇಕು. ಅವಳು ಏನನ್ನು ಬಯಸಿದಳು? ಅದಕ್ಕೆ ಅಡ್ಡಿಯಾದದ್ದು ಯಾವುದು? ನಾನು ಏನು ಮಾಡಿದೆ? ಅದರಿಂದ ಏನಾಯಿತು? ಈಗಾದರೆ ಏನು ಮಾಡುತ್ತಿದ್ದೆ? ಅವಳ ಕಷ್ಟದ ವರ್ಣನೆ ಈ ಐದರಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಹೊಡೆತದ ವಿವರ ಕೇಳಿ ಮರುಗುವುದರಿಂದ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ. ಕೇಳುಗರಲ್ಲಿಯೇ ಒಬ್ಬರು ಅದೇ ಹಿಂಸೆಯಲ್ಲಿ ಬದುಕುತ್ತಿರಬಹುದು.

ಉದಾಹರಣೆಗೆ, "ಒಂದು ತೋಟದ ಡ್ರೈವರನ ಎರಡನೇ ಹೆಂಡತಿ, ಮೂರು ಹೆಣ್ಣುಮಕ್ಕಳು, ಹೋದ ಹುತ್ತರಿಯ ರಾತ್ರಿ ಅವನು ಅವಳ ಕೈ ಮುರಿದ" ಎಂದು ಶುರುಮಾಡಿದರೆ ಮೂರನೇ ಪದಕ್ಕೇ ಗುರುತು ಸಿಕ್ಕಿಬಿಡುತ್ತದೆ. ಅದನ್ನೇ ಹೀಗೆ ಹೇಳಬಹುದು: "ಕೂಲಿ ಮಾಡುವ ಒಬ್ಬ ಮಹಿಳೆ, ಚಿಕ್ಕ ಮಕ್ಕಳಿದ್ದಾರೆ. ಗಂಡನಿಂದ ದೂರವಿರಬೇಕು, ಆದರೆ ಕೆಲಸ ಬಿಡಬಾರದು ಎಂಬುದು ಅವಳ ಇಚ್ಛೆ. ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಗಂಡನ ಕೆಲಸದ ಮೇಲೆ ಸಿಕ್ಕಿದ್ದು, ಅವನನ್ನು ಬಿಟ್ಟರೆ ಸೂರೂ ಹೋಗುತ್ತದೆ. ಇಬ್ಬರೂ ಸೇರಿ ಪಡೆದ ಮುಂಗಡವೂ ಬಾಕಿ ಇದೆ." ಈಗ ಸಮಸ್ಯೆ ಎಲ್ಲರ ಕಣ್ಣಿಗೆ ಕಾಣುತ್ತದೆ, ವ್ಯಕ್ತಿ ಕಾಣುವುದಿಲ್ಲ. ಇಂಥ ಒಂದು ಮಾತುಕತೆಯಲ್ಲೇ ನಮ್ಮ ಗುಂಪಿನ ಒಬ್ಬರು ತಾವು ಮಾಡಿದ ಉಪಾಯ ತಿಳಿಸಿದರು. ಅವರು ಮಾಲೀಕರ ಬಳಿ ಗಂಡನ ದೂರು ಹೇಳಲೇ ಇಲ್ಲವಂತೆ. ಅವಳ ಹೆಸರಿನಲ್ಲೇ ಹಾಜರಿ, ಅವಳ ಹೆಸರಿನಲ್ಲೇ ಕೂಲಿ, ಮುಂಗಡದಲ್ಲಿ ಅವಳ ಪಾಲು ಬೇರೆ ಲೆಕ್ಕ, ಕೊನೆಯ ಸಾಲಿನಲ್ಲಿ ಖಾಲಿ ಬಿದ್ದಿದ್ದ ಒಂದು ಕೋಣೆ, ಈ ನಾಲ್ಕನ್ನು ಮಾತ್ರ ಕೇಳಿದರಂತೆ. ಕೊಯ್ಲಿನ ಕಾಲ, ಕೈಗಳ ಅಗತ್ಯ ಇತ್ತು, ಮಾಲೀಕರು ಒಪ್ಪಿದರು. ಮಳೆಗಾಲದಲ್ಲಿ ಕೇಳಿದ್ದರೆ ಒಪ್ಪುತ್ತಿರಲಿಲ್ಲವೇನೋ. ಯಾವ ತಿಂಗಳಲ್ಲಿ ಏನನ್ನು ಕೇಳಬೇಕೆಂಬ ಈ ಬಗೆಯ ಜಾಣ್ಮೆ ಯಾವ ತರಬೇತಿಯಲ್ಲೂ ಸಿಗುವುದಿಲ್ಲ.

ಒಬ್ಬರು ಹೇಳಿ ಮುಗಿಸುವವರೆಗೆ ಯಾರೂ ಸಲಹೆ ಕೊಡಬಾರದು. ಮುಗಿದ ಮೇಲೆ ಮೊದಲು ಸ್ಪಷ್ಟೀಕರಣದ ಪ್ರಶ್ನೆಗಳು, ಆಮೇಲೆ "ನನಗೆ ಹೀಗಾಗಿತ್ತು" ಎಂಬ ಅನುಭವಗಳು, ಕೊನೆಗೆ ಸಲಹೆ. "ನೀವು ಹೀಗೆ ಮಾಡಬೇಕಿತ್ತು" ಎಂಬ ಮಾತನ್ನು ಗುಂಪಿನಿಂದ ಪೂರ್ತಿ ಹೊರಗಿಡಿ. ಹಾಗೆಯೇ, ಕುಡಿತವೇ ಕಾರಣ ಎಂದು ಬರೆದು ಮುಗಿಸುವ ಅಭ್ಯಾಸವೂ ಬೇಡ. ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ, ನಿಜ. ಆದರೆ ಅದೇ ಮನುಷ್ಯ ಕುಡಿದಾಗ ಮೇಸ್ತ್ರಿಗೆ ಹೊಡೆಯುವುದಿಲ್ಲ, ಮಾಲೀಕರಿಗೆ ಹೊಡೆಯುವುದಿಲ್ಲ. ಮನೆಗೆ ಬಂದು ಹೆಂಡತಿಗೆ ಹೊಡೆಯುತ್ತಾನೆ.

ಐದನೆಯ ಹೆಜ್ಜೆ: ಜೀವಾಪಾಯದ ಲಕ್ಷಣಗಳನ್ನು ಎಲ್ಲರೂ ಒಂದೇ ರೀತಿ ಗುರುತಿಸಿ

ಕೆಲವು ಲಕ್ಷಣಗಳು ಕಂಡರೆ ತಿಂಗಳ ಸಭೆಗಾಗಿ ಕಾಯುವಂತಿಲ್ಲ. ಕುತ್ತಿಗೆ ಹಿಸುಕಿದ್ದು ಇವುಗಳಲ್ಲಿ ಮೊದಲನೆಯದು. ಹೊರಗೆ ಗಾಯವೇ ಕಾಣದಿರಬಹುದು, ಆದರೆ ಒಮ್ಮೆ ಕುತ್ತಿಗೆ ಹಿಸುಕಿದವನು ಮುಂದೆ ಕೊಲ್ಲುವ ಸಂಭವ ಬಹಳ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಸ್ವರ ಒಡೆದಿದೆಯೇ, ನುಂಗಲು ಕಷ್ಟವೇ, ಕಣ್ಣಿನಲ್ಲಿ ರಕ್ತದ ಚುಕ್ಕೆ ಇದೆಯೇ ಎಂದು ಕೇಳಿ, ನೋಡಿ. ಇದ್ದರೆ ಆ ದಿನವೇ ಆಸ್ಪತ್ರೆಗೆ ಕಳಿಸಿ. ಕೊಲ್ಲುತ್ತೇನೆಂಬ ಬೆದರಿಕೆ, ಗರ್ಭಿಣಿಯಾಗಿದ್ದಾಗಿನ ಹೊಡೆತ, ದಿನದಿನಕ್ಕೂ ಹೆಚ್ಚುತ್ತಿರುವ ಹಿಂಸೆ, ಸದಾ ಬೆನ್ನುಹತ್ತುವ ಸಂಶಯ, ಆತ್ಮಹತ್ಯೆಯ ಮಾತು ಉಳಿದ ಲಕ್ಷಣಗಳು. ಮನೆ ಬಿಟ್ಟು ಹೊರಡುವ ಹೊತ್ತು ಮತ್ತು ಹೊರಟ ನಂತರದ ವಾರಗಳೇ ಅತಿ ಅಪಾಯದ ಕಾಲ. ಆದ್ದರಿಂದ "ಬಿಟ್ಟು ಬಾ" ಎಂದು ಅವಸರದಲ್ಲಿ ಹೇಳಬೇಡಿ. ಎಲ್ಲಿಗೆ, ಯಾರೊಂದಿಗೆ, ಯಾವ ಬಸ್ಸಿಗೆ ಎಂಬುದು ಗೊತ್ತಾದ ಮೇಲೆ ಹೇಳಿ.

ಕೋವಿಯ ಪ್ರಶ್ನೆಯನ್ನು ಕೊಡಗಿನಲ್ಲಿ ಬಿಟ್ಟುಬಿಡುವಂತಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಆಯುಧದ ಬಗ್ಗೆ ಕೇಳಿದರೆ ಪದ್ಧತಿಯನ್ನು ಅವಮಾನಿಸಿದಂತೆ ಆಗುತ್ತದೆಂದು ಅನೇಕ ಕಾರ್ಯಕರ್ತೆಯರು ಹಿಂಜರಿಯುತ್ತಾರೆ. ಕೋವಿಯನ್ನು ಗೌರವಿಸುವವರೇ ಅದನ್ನು ಹೆಂಡತಿಯತ್ತ ತಿರುಗಿಸುವುದನ್ನು ಒಪ್ಪುವುದಿಲ್ಲ ಎಂಬುದು ನನ್ನ ಅನುಭವ. "ಮನೆಯಲ್ಲಿ ಕೋವಿ ಇದೆಯೇ, ಅದನ್ನು ತೋರಿಸಿ ಹೆದರಿಸಿದ್ದಾನೆಯೇ, ತೋಟಾ ಎಲ್ಲಿಡುತ್ತಾನೆ" ಎಂದು ಸರಳವಾಗಿ ಕೇಳಿ. ಅವಳು ಒಪ್ಪಿದರೆ ಒಕ್ಕದ ಹಿರಿಯರೊಬ್ಬರು ಕೋವಿಯನ್ನು ತಮ್ಮಲ್ಲಿ ಇರಿಸಿಕೊಳ್ಳುವ ಏರ್ಪಾಡು ಸಾಧ್ಯವೇ ಎಂದು ನೋಡಬಹುದು. ಕೌಟುಂಬಿಕ ಹಿಂಸೆಯಲ್ಲಿ ಬಳಕೆಯಾದ ಆಯುಧವನ್ನು ವಶಪಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರ ಅನುಮತಿಯ ಮೇಲೆ ಪೊಲೀಸರಿಗೆ ನೆರವಾಗುವುದು ಕೌಟುಂಬಿಕ ಹಿಂಸೆ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ಕರ್ತವ್ಯಗಳಲ್ಲಿ ಒಂದು. ಇದೇ ಮಾತು ತೋಟದ ಕತ್ತಿಗೂ, ಕಳೆನಾಶಕದ ಡಬ್ಬಿಗೂ ಅನ್ವಯಿಸುತ್ತದೆ.

ಆರನೆಯ ಹೆಜ್ಜೆ: "ದಾರಿ ಪುಸ್ತಕ"ವನ್ನು ಬರೆಯುತ್ತಾ ಹೋಗಿ

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಸಭೆಯ ಕೊನೆಯಲ್ಲಿ ಅಂದು ಕಲಿತ ದಾರಿಯನ್ನು ಅದರಲ್ಲಿ ಬರೆಯಿರಿ. ಮಹಿಳೆಯರ ಬಗ್ಗೆ ಒಂದಕ್ಷರವೂ ಅದರಲ್ಲಿ ಇರಬಾರದು. ಯಾರ ಕೈಗೆ ಸಿಕ್ಕರೂ ಯಾರಿಗೂ ಕೇಡಾಗದಂಥ ಪುಸ್ತಕ ಅದಾಗಿರಬೇಕು. ಆರಂಭಕ್ಕೆ ಈ ಕೆಳಗಿನ ಸಂಗತಿಗಳನ್ನು ಬರೆದುಕೊಳ್ಳಬಹುದು.

ಮಹಿಳಾ ಸಹಾಯವಾಣಿ 181, ತುರ್ತು ಸೇವೆ 112, ಮಕ್ಕಳ ಸಹಾಯವಾಣಿ 1098, ಕಾನೂನು ನೆರವು 15100. ಸಖಿ ಕೇಂದ್ರದಲ್ಲಿ ವೈದ್ಯಕೀಯ, ಪೊಲೀಸ್, ಕಾನೂನು ಮತ್ತು ಆಪ್ತಸಮಾಲೋಚನೆಯ ನೆರವು ಒಂದೇ ಕಡೆ ಸಿಗುತ್ತದೆ, ಸಾಮಾನ್ಯವಾಗಿ ಐದು ದಿನಗಳವರೆಗೆ ತಂಗಬಹುದು. ಐದು ದಿನದ ನಂತರ ಎಲ್ಲಿ ಎಂಬುದನ್ನು ಮೊದಲ ದಿನವೇ ಯೋಚಿಸಿ.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತದ ಜೊತೆಗೆ ಬೈಗುಳ, ಲೈಂಗಿಕ ಹಿಂಸೆ, ಕೂಲಿ ಹಣ ಕಿತ್ತುಕೊಳ್ಳುವುದು ಇವೆಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಮದುವೆಯ ಸ್ವರೂಪದ ಸಂಬಂಧವೂ ಒಳಪಡುವುದರಿಂದ, ನೋಂದಣಿಯ ಕಾಗದವಿಲ್ಲದೆ ಜೊತೆಯಾಗಿ ಬದುಕುತ್ತಿರುವ ಹೆಣ್ಣುಮಕ್ಕಳಿಗೂ ಇದು ದಾರಿ. ಸಾಮಾನ್ಯವಾಗಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಸಿಗುವ ಸಂರಕ್ಷಣಾಧಿಕಾರಿ ಕೌಟುಂಬಿಕ ಘಟನಾ ವರದಿ ಬರೆಯುತ್ತಾರೆ. 12ನೇ ಕಲಮಿನ ಅರ್ಜಿಯನ್ನು ಮಹಿಳೆ ತಾನೇ ಸಲ್ಲಿಸಬಹುದು, ಅವಳ ಪರವಾಗಿ ಬೇರೆಯವರೂ ಸಲ್ಲಿಸಬಹುದು. ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನದೊಳಗೆ ಗೊತ್ತುಮಾಡಬೇಕು, 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ವಾಸ್ತವದಲ್ಲಿ ಹೆಚ್ಚು ಹಿಡಿಯುತ್ತದೆ, ಆದ್ದರಿಂದಲೇ 23ನೇ ಕಲಮಿನ ಮಧ್ಯಂತರ ಆದೇಶವನ್ನು ಅರ್ಜಿಯ ಜೊತೆಯಲ್ಲೇ ಕೇಳಬೇಕು. ತವರಿಗೆ ಹೋಗಿರುವವಳು ಅಲ್ಲಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಸಂರಕ್ಷಣಾ ಆದೇಶವನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಠಾಣೆಯ ಮುಚ್ಚಳಿಕೆಗೆ ಈ ಬಲವಿಲ್ಲ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯಂತೆ ಯಾವುದೇ ಮಹಿಳೆಗೆ, ಅವಳ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೂ ತಾಲ್ಲೂಕು ಮಟ್ಟದ ಸಮಿತಿಗಳನ್ನೂ ಗುಂಪಿನವರು ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಯಾವ ಮಹಡಿ, ಯಾವ ಬಾಗಿಲು, ಯಾರನ್ನು ಕೇಳಬೇಕು ಎಂದು ತಿಳಿದಿದ್ದರೆ ಹೆದರಿ ಬಂದವಳು ಅರ್ಧ ದಾರಿಯಲ್ಲಿ ಹಿಂತಿರುಗುವುದಿಲ್ಲ.

ಲೈಂಗಿಕ ದೌರ್ಜನ್ಯವಾಗಿದ್ದರೆ ಗಂಟೆಗಳ ಲೆಕ್ಕ ಮುಖ್ಯ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಬೇಗನೆ ಆದಷ್ಟೂ ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆಯೂ ಹಾಗೆಯೇ. ಎಫ್‌ಐಆರ್ ಆಗುವವರೆಗೆ ಚಿಕಿತ್ಸೆ ಕೊಡುವುದಿಲ್ಲ ಎನ್ನಲು ಸರ್ಕಾರಿ ಆಸ್ಪತ್ರೆಗೂ ಅಧಿಕಾರವಿಲ್ಲ, ಖಾಸಗಿ ಆಸ್ಪತ್ರೆಗೂ ಇಲ್ಲ; ಚಿಕಿತ್ಸೆ ಉಚಿತ. ಆದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ, ಈ ಮಾತನ್ನು ಅವಳಿಗೆ ಮೊದಲೇ ಹೇಳಿ. ಸ್ನಾನ ಮಾಡದೆ, ಬಟ್ಟೆ ಒಗೆಯದೆ ಬರುವುದು ಒಳ್ಳೆಯದು. ಮಾಡಿಬಿಟ್ಟಿದ್ದರೆ ಅದಕ್ಕಾಗಿ ಗದರಬೇಡಿ, ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿಡದೆ ಕಾಗದದಲ್ಲಿ ಸುತ್ತಿ ತನ್ನಿ. ಎರಡು ಬೆರಳಿನ ಪರೀಕ್ಷೆ ನಡೆಸಬಾರದೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೂ 2022ರಲ್ಲಿಯೂ ಸ್ಪಷ್ಟವಾಗಿ ಹೇಳಿದೆ. ಘಟನೆ ಬೇರೆ ಠಾಣೆಯ ವ್ಯಾಪ್ತಿಯದು ಎಂದು ದೂರನ್ನು ನಿರಾಕರಿಸುವಂತಿಲ್ಲ. ಶೂನ್ಯ ಎಫ್‌ಐಆರ್ ದಾಖಲಿಸಿ ಅವರೇ ವರ್ಗಾಯಿಸಬೇಕು.

ತೋಟದಲ್ಲಿ ಮೇಸ್ತ್ರಿಯಿಂದಲೋ ಮಾಲೀಕರಿಂದಲೋ ಲೈಂಗಿಕ ಕಿರುಕುಳವಾದರೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ದಾರಿ ಇದೆ. ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಚಿಕ್ಕ ತೋಟವಾದರೆ ಅಥವಾ ದೂರು ಮಾಲೀಕರ ಮೇಲೆಯೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ಪರಿಶಿಷ್ಟ ಪಂಗಡದ ಮಹಿಳೆಯ ಮೇಲೆ ಪರಿಶಿಷ್ಟ ಜಾತಿಗಾಗಲಿ ಪಂಗಡಕ್ಕಾಗಲಿ ಸೇರದವರು ದೌರ್ಜನ್ಯ ಎಸಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಅನ್ವಯಿಸುತ್ತದೆ, ಅದರ ತನಿಖೆಯನ್ನು ಡಿವೈಎಸ್‌ಪಿ ದರ್ಜೆಯವರು ಮಾಡಬೇಕು.

ಹದಿನೆಂಟು ತುಂಬದ ಹುಡುಗಿ ಬಂದಾಗ "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಬೇಡಿ. ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಲೈಂಗಿಕ ಅಪರಾಧವನ್ನು ತಿಳಿಸುವುದು ಕಡ್ಡಾಯ. "ನಿನ್ನನ್ನು ಕಾಪಾಡುವವರಿಗೆ ಮಾತ್ರ ಹೇಳಬೇಕಾಗುತ್ತದೆ, ನಾನೂ ನಿನ್ನ ಜೊತೆ ಬರುತ್ತೇನೆ" ಎಂದು ಅವಳು ಬಾಯಿ ತೆರೆಯುವ ಮೊದಲೇ ಹೇಳುವುದು ಪ್ರಾಮಾಣಿಕತೆ.

ಏಳನೆಯ ಹೆಜ್ಜೆ: ಭಾಷೆ ದಾಟಿಸುವವರನ್ನು ಮೊದಲೇ ಸಿದ್ಧಪಡಿಸಿ

ಹಾಡಿಯ ಒಬ್ಬ ಹೆಣ್ಣುಮಗಳ ಹೇಳಿಕೆ ಪಡೆಯುವಾಗ ನಡೆದದ್ದು ಇದು. ಅವಳು ತನ್ನ ಮಾತಿನಲ್ಲಿ ಎರಡು ನಿಮಿಷ ಹೇಳಿದಳು, ಪಕ್ಕದಲ್ಲಿದ್ದ ಗಂಡಸು "ಏನಿಲ್ಲ, ಸಣ್ಣ ಜಗಳ ಅಂತಾಳೆ" ಎಂದು ಮುಗಿಸಿದ. ಅವನು ಗಂಡನ ಚಿಕ್ಕಪ್ಪನ ಮಗ ಎಂದು ಅನಂತರ ಗೊತ್ತಾಯಿತು. ಅಕ್ಕಪಕ್ಕದವರನ್ನೂ ಮೇಸ್ತ್ರಿಯನ್ನೂ ಮಕ್ಕಳನ್ನೂ ಭಾಷಾಂತರಕ್ಕೆ ಬಳಸಲೇಬಾರದು. ಪ್ರತಿ ಭಾಷೆಗೂ ಇಬ್ಬರು ಮಹಿಳೆಯರನ್ನು, ಸಾಧ್ಯವಾದರೆ ಬೇರೆ ಊರಿನವರನ್ನು, ಮೊದಲೇ ಗುರುತಿಸಿ ಅವರಿಗೂ ಗೋಪ್ಯತೆಯ ಒಪ್ಪಂದ ಓದಿ ಹೇಳಿ. "ಹಿಸುಕು", "ಬಲವಂತ", "ಬೆದರಿಕೆ", "ಒಪ್ಪಿಗೆ" ಎಂಬ ಮಾತುಗಳಿಗೆ ಆಯಾ ಭಾಷೆಯಲ್ಲಿ ಹೆಂಗಸರು ತಮ್ಮತಮ್ಮಲ್ಲಿ ಆಡುವ ಪದಗಳೇನು ಎಂದು ಕೇಳಿ ದಾರಿ ಪುಸ್ತಕದಲ್ಲಿ ಬರೆದುಕೊಳ್ಳಿ. ಈ ಪಟ್ಟಿ ಒಂದು ಪುಟವೂ ಆಗುವುದಿಲ್ಲ, ಆದರೆ ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಬಾರಿ ತೆರೆದು ನೋಡಿದ ಪುಟ ಅದೇ.

ಎಂಟನೆಯ ಹೆಜ್ಜೆ: ಫೋನು ಮತ್ತು ಕಾಗದ

ವಾಟ್ಸ್‌ಆ್ಯಪ್ ಗುಂಪನ್ನು ಸಭೆಯ ದಿನ ತಿಳಿಸಲು, ಕಚೇರಿಯ ಸಮಯ ಬದಲಾದರೆ ತಿಳಿಸಲು ಮಾತ್ರ ಬಳಸಿ. ಗಾಯದ ಫೋಟೊ, ಆಧಾರ್ ಪ್ರತಿ, ಎಫ್‌ಐಆರ್ ಪ್ರತಿಗಳನ್ನು ಅಲ್ಲಿ ಹಾಕಲೇಬಾರದು. ಬಂದ ಫೋಟೊ ತಾನಾಗಿ ಗ್ಯಾಲರಿಗೆ ಇಳಿಯುತ್ತದೆ, ಆ ಫೋನಿನಲ್ಲಿ ಮಕ್ಕಳು ಆಟವಾಡುತ್ತಾರೆ. ಒಬ್ಬರನ್ನು ಇನ್ನೊಬ್ಬರ ಬಳಿಗೆ ಕಳಿಸಬೇಕಾದಾಗ ಅವಳ ಒಪ್ಪಿಗೆ ಕೇಳಿ, ಕರೆ ಮಾಡಿ ಮಾತಿನಲ್ಲೇ ತಿಳಿಸಿ. ಅವಳಿಗೆ ನೀವು ಕರೆ ಮಾಡುವ ಮೊದಲು ಫೋನು ಯಾರ ಕೈಯಲ್ಲಿರುತ್ತದೆ ಎಂದು ಕೇಳಿರಬೇಕು. ಗಂಡ ಎತ್ತಿದರೆ ಏನು ಹೇಳಬೇಕೆಂಬುದನ್ನು ಅವಳೇ ಗೊತ್ತುಮಾಡಲಿ. ಪೋಲಿಯೊ ಹನಿ, ಸಂಘದ ಕಂತು, ಪಡಿತರದ ಕಾರ್ಡು, ಹೀಗೆ ಏನಾದರೊಂದು. ನಿಮ್ಮ ವೈಯಕ್ತಿಕ ಡೈರಿಯಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ, ಸಂಖ್ಯೆ ಯಾರದ್ದೆಂಬ ಪಟ್ಟಿ ಬೇರೆ ಕಡೆ ಬೀಗದೊಳಗಿರಲಿ.

ಒಂಬತ್ತನೆಯ ಹೆಜ್ಜೆ: ವರ್ಗಾವಣೆಯಾದಾಗ

ನಮ್ಮ ತಿಳಿವಳಿಕೆ ಹೆಚ್ಚಾಗಿ ಸೋರಿಹೋಗುವುದು ಇಲ್ಲಿಂದಲೇ. ಹೋಗುವವರು ಬರುವವರೊಂದಿಗೆ ಒಂದು ದಿನ ಪೂರ್ತಿ ಓಡಾಡಬೇಕು. ನಡೆಯುತ್ತಿರುವ ಪ್ರಕರಣಗಳ ಮಹಿಳೆಯರಿಗೆ "ಇನ್ನು ಮುಂದೆ ಇವರು ಬರುತ್ತಾರೆ, ನಿನ್ನ ವಿಷಯ ಎಷ್ಟು ಹೇಳಲಿ?" ಎಂದು ಕೇಳಿ, ಅವರು ಒಪ್ಪಿದಷ್ಟನ್ನು ಹಸ್ತಾಂತರಿಸಬೇಕು. ಬೇಡ ಎಂದವರ ವಿಷಯ ಅಲ್ಲಿಗೇ ನಿಲ್ಲಲಿ.

ಹತ್ತನೆಯ ಹೆಜ್ಜೆ: ನಮ್ಮ ಸುರಕ್ಷತೆ, ನಮ್ಮ ಮನಸ್ಸು

ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಕಾರ್ಯಕರ್ತೆ ಭಂವರಿ ದೇವಿಯವರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಸರ್ಕಾರದ ಯೋಜನೆಯೊಂದರಲ್ಲಿ ದುಡಿಯುತ್ತಿದ್ದ ಅವರಿಗೆ ಆದ ಅನ್ಯಾಯದಿಂದಲೇ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪೂ, ಮುಂದೆ 2013ರ ಕಾಯ್ದೆಯೂ ಬಂದವು. ಆ ಕಾಯ್ದೆಯನ್ನು ನಾವು ಬೇರೆಯವರಿಗೆ ವಿವರಿಸುವಾಗ ಅದು ನಮ್ಮಂಥ ಒಬ್ಬರ ನೋವಿನಿಂದ ಹುಟ್ಟಿತೆಂದು ನೆನಪಿರಲಿ. ಒಬ್ಬರೇ ಲೈನಿಗೆ ಹೋಗಬೇಡಿ. ಹೋಗುವ ಮೊದಲು ಗುಂಪಿನ ಒಬ್ಬರಿಗೆ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂದು ತಿಳಿಸಿ, ಬಂದ ಮೇಲೆ ಮತ್ತೆ ತಿಳಿಸಿ. ನಿದ್ದೆ ಬಾರದಿರುವುದು, ಮನೆಯವರ ಮೇಲೆ ಸಿಟ್ಟು, ಎಲ್ಲ ಗಂಡಸರ ಮೇಲೂ ಸಂಶಯ, ಇವು ಈ ಕೆಲಸದವರಿಗೆ ಬರುವ ಆಯಾಸದ ಗುರುತು. ಸಭೆಯ ಮೊದಲ ಹತ್ತು ನಿಮಿಷ "ಈ ತಿಂಗಳು ನಿಮಗೆ ಹೇಗಿತ್ತು" ಎಂಬ ಮಾತಿಗೆ ಮೀಸಲಿಡಿ. ಉತ್ತರವಾಗಿ ಒಬ್ಬರು ಅತ್ತರೆ ಅಳಲಿ, ಕಾರ್ಯಸೂಚಿ ಕಾಯುತ್ತದೆ.

ಹನ್ನೊಂದನೆಯ ಹೆಜ್ಜೆ: ಮತ್ತೆಮತ್ತೆ ಕಾಣುವುದನ್ನು ಮೇಲಿನವರ ಮುಂದಿಡಿ

1979ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮೋಚನಾ ಎಂಬ ಮಹಿಳಾ ಸಂಘಟನೆಯ ಹೆಣ್ಣುಮಕ್ಕಳು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕುಳಿತು, ಸಾಯುತ್ತಿದ್ದವರ ಮಾತನ್ನು ಕೇಳಿ ದಾಖಲಿಸಿದರು. "ಸ್ಟೌ ಸಿಡಿದು ಆಕಸ್ಮಿಕ ಸಾವು" ಎಂದು ಒಂದೊಂದೇ ಕಡತದಲ್ಲಿ ಮುಚ್ಚಿಹೋಗುತ್ತಿದ್ದದ್ದು ಒಟ್ಟಿಗೆ ಇಟ್ಟು ನೋಡಿದಾಗ ಬೇರೆಯಾಗಿಯೇ ಕಂಡಿತು. ನಮ್ಮ ದಾರಿ ಪುಸ್ತಕಕ್ಕೂ ಆ ಶಕ್ತಿ ಇದೆ. ಒಂದು ಕಚೇರಿಯಲ್ಲಿ ಘಟನಾ ವರದಿ ಪ್ರತಿ ಬಾರಿಯೂ ತಡವಾಗುತ್ತಿದೆಯೇ, ಒಂದು ಭಾಗದ ಹೆಂಗಸರು ರಾತ್ರಿ ವಾಹನ ಸಿಗದೆ ಠಾಣೆ ತಲುಪುತ್ತಿಲ್ಲವೇ, ಮುಚ್ಚಳಿಕೆಯಲ್ಲೇ ಎಷ್ಟು ದೂರುಗಳು ಮುಗಿಯುತ್ತಿವೆ, ಇದನ್ನು ಆರು ತಿಂಗಳಿಗೊಮ್ಮೆ ಒಂದೇ ಪುಟದಲ್ಲಿ ಬರೆದು ಜಿಲ್ಲಾಡಳಿತಕ್ಕೆ ಕೊಡಿ. ದೂರಿನ ಧಾಟಿಯಲ್ಲಿ ಬೇಡ. ಆದದ್ದು, ಆಗಬೇಕಾದದ್ದು, ಯಾರಿಂದ ಆಗಬೇಕು ಎಂಬ ಮೂರು ಸಾಲು ಸಾಕು. ಸ್ವೀಕೃತಿಯ ಮೊಹರು ಪಡೆಯಲು ಮರೆಯಬೇಡಿ. ಸಂಖ್ಯೆ ಐದಕ್ಕಿಂತ ಕಡಿಮೆ ಇದ್ದರೆ ಊರಿನ ಹೆಸರು ಹಾಕದೆ ತಾಲ್ಲೂಕಿನ ಹೆಸರು ಮಾತ್ರ ಹಾಕಿ. ಐದು ತಾಲ್ಲೂಕಿನ ಈ ಜಿಲ್ಲೆಯಲ್ಲಿ ಊರಿನ ಹೆಸರೊಂದೇ ಒಬ್ಬಳನ್ನು ತೋರಿಸಿಕೊಡಬಲ್ಲದು.

ಮೇ ತಿಂಗಳ ಸಭೆಯಲ್ಲಿ ದಾರಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಬದಲಾದ ಫೋನ್ ಸಂಖ್ಯೆಗಳನ್ನು ತಿದ್ದಿ, ಜೆರಾಕ್ಸ್ ತೆಗೆಸಿ ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ತುಂಬಲು ಸಿದ್ಧವಾದ 12ನೇ ಕಲಮಿನ ಅರ್ಜಿಯ ಎರಡೆರಡು ಪ್ರತಿಯನ್ನೂ ಅದರೊಳಗೆ ಇಡಿ. ಜೂನ್ ಹಿಡಿದ ಮೇಲೆ ಕರೆಂಟು ಇರುವುದಿಲ್ಲ, ಟವರ್ ಸತ್ತಿರುತ್ತದೆ, ಮರ ಬಿದ್ದು ರಸ್ತೆ ಮುಚ್ಚಿರುತ್ತದೆ. ಅದಕ್ಕೆ ಮೊದಲೇ ಆ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲರ ಕೈಚೀಲ ಸೇರಿರಬೇಕು.